ಗೌರವಧನ

ಬೇಸಿಗೆ ರಜೆ ಎಲ್ಲ ಮಕ್ಕಳಿಗೂ ಒಂದೇ ತೆರನಾಗಿ ಬರುವುದಿಲ್ಲ. ನಮ್ಮ ಉಮ್ಮಚಗಿಯ ಆಸುಪಾಸಿನಲ್ಲಿ ಕೆಲವು ಮಕ್ಕಳಿಗೆ ರಜೆಯೆಂದರೆ ಅಜ್ಜನಮನೆ, ಅಪ್ಪೆಮಿಡಿ, ಹಲಸಿನ ಹಪ್ಪಳ, ರಾತ್ರಿಯ ಆಟ. ಇನ್ನು ಕೆಲವರಿಗೆ ರಜೆಯೆಂದರೆ ಮುರುಗಲು ಕೊಯ್ಯುವುದು, ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವುದು, ಯಲ್ಲಾಪುರ ಇಲ್ಲವೇ ಶಿರಸಿ ಪೇಟೆಯ ಅಂಗಡಿಯಲ್ಲಿ ನಿಲ್ಲುವುದು. ಶಾಲೆ ತೆರೆದ ಕೂಡಲೇ 'ರಜೆಯನ್ನು ಕಳೆದ ಬಗೆ' ಎಂದು ಪ್ರಬಂಧ ಬರೆಸುವುದು ನಮ್ಮಂಥ ಕನ್ನಡ ಕಲಿಸುವ ಅಕ್ಕೋರುಗಳ ಹಳೆಯ ಚಾಳಿ. ನಾನೂ ಇಪ್ಪತ್ತೇಳು ವರ್ಷ ಬರೆಸಿದ್ದೇನೆ. ಎರಡನೆಯ ಗುಂಪಿನ ಮಕ್ಕಳು ತಮ್ಮ ರಜೆಯನ್ನು ಬಿಟ್ಟು ಮೊದಲನೆಯ ಗುಂಪಿನವರ ರಜೆಯನ್ನೇ ಊಹಿಸಿಕೊಂಡು ಬರೆಯುತ್ತಾರೆ ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ತಿಳಿದ ಮೇಲೂ ಮರೆತೆ. ಆ ಮರೆವಿನಿಂದ ಆದದ್ದನ್ನು ಹೇಳಿಕೊಳ್ಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಭಾಗದಲ್ಲಿ ಒಂದು ಚಿಕ್ಕ ಸಾಂಸ್ಕೃತಿಕ ಸಂಸ್ಥೆ ಇದೆ. ಲಾಭಕ್ಕಾಗಿ ಹುಟ್ಟಿದ್ದಲ್ಲ, ಅಡಿಕೆ ಬೆಳೆಗಾರರ ದೇಣಿಗೆಯಿಂದ ನಡೆಯುವಂಥದ್ದು. ತಾಳಮದ್ದಳೆ, ಮಕ್ಕಳ ಶಿಬಿರ, ವಾರ್ಷಿಕೋತ್ಸವ ಎಂದು ಅದರ ಪಾಡಿಗೆ ಅದು ನಡೆದುಕೊಂಡು ಹೋಗುತ್ತದೆ. ನಾನು ಅದರ ಸಮಿತಿಯಲ್ಲಿದ್ದೇನೆ. 2024ರ ಬೇಸಿಗೆಗೆ ಮೊದಲು ಸಮಿತಿಯ ಕಿರಿಯ ಸದಸ್ಯರೊಬ್ಬರು ಒಂದು ಸಲಹೆ ತಂದರು. ಪದವಿ ಓದುತ್ತಿರುವ ನಾಲ್ವರು ವಿದ್ಯಾರ್ಥಿಗಳನ್ನು ರಜೆಯಲ್ಲಿ ಎರಡು ತಿಂಗಳ ಮಟ್ಟಿಗೆ ತೆಗೆದುಕೊಳ್ಳೋಣ. ಹಳ್ಳಿಗಳ ಮುದುಕಿಯರು ಹಾಡುವ ಹಾಡುಗಳನ್ನು ಬರೆದುಕೊಳ್ಳುವುದು, ಹಳೆಯ ಕೈಬರಹದ ಪ್ರಸಂಗ ಪುಸ್ತಕಗಳ ಪಟ್ಟಿ ಮಾಡುವುದು, ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕುವುದು, ಇಷ್ಟು ಕೆಲಸ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. "ಇದಕ್ಕೆ ಈಗ ಇಂಟರ್ನ್‌ಶಿಪ್ ಅಂತಾರೆ. ತಲಾ ತಿಂಗಳಿಗೆ 6000 ರೂಪಾಯಿ ಕೊಡೋಣ" ಎಂದರು ಅವರು.

ಕೆಲಸಕ್ಕೆ ಎಲ್ಲರೂ ಒಪ್ಪಿದರು. ದುಡ್ಡಿನ ಮಾತು ಬಂದಾಗ ಸಭೆ ಗಂಭೀರವಾಯಿತು. ಹಿರಿಯರೊಬ್ಬರು, "ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ ಇದ್ದು, ಮಧ್ಯಾಹ್ನದ ಊಟ ನಂಗವೇ ಹಾಕ್ತ್ಯ, ಮತ್ತೆಂತಕ್ಕೆ ದುಡ್ಡು?" ಎಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಮಾತು ನಿಜವೇ. ಇನ್ನೊಬ್ಬರು ಗೀತೆಯ ನಿಷ್ಕಾಮ ಕರ್ಮವನ್ನು ನೆನಪಿಸಿದರು. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಮಕ್ಕಳ ವಿಷಯ ಅಕ್ಕೋರಿಗೆ ಗೊತ್ತು ಎಂಬ ನಂಬಿಕೆ ಅವರದು. ನಾನು ಹೇಳಿದೆ: "ಸಂಸ್ಕೃತಿಯ ಕೆಲಸಕ್ಕೆ ಮಕ್ಕಳಿಗೆ ಈಗಲೇ ದುಡ್ಡಿನ ರುಚಿ ಹಚ್ಚುವುದು ಬೇಡ. ಸೇವೆ ಎಂದು ಬಂದವರು ನಿಜವಾದ ಆಸಕ್ತಿಯಿಂದ ಬಂದಿರುತ್ತಾರೆ."

ಸಭೆ ಮೆಚ್ಚಿತು. ಊಟ ಮತ್ತು ಪ್ರಮಾಣಪತ್ರ ಎಂದು ತೀರ್ಮಾನವಾಯಿತು.

ನಾಲ್ವರು ಬಂದರು. ಮೂವರು ತೋಟಸ್ಥರ ಮನೆಯವರು, ಒಳ್ಳೆಯ ಮಕ್ಕಳೇ. ನಾಲ್ಕನೆಯವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳ ತಾಯಿ ಬೇರೆಯವರ ತೋಟದ ಕೆಲಸಕ್ಕೆ ಹೋಗುವವಳು. ಹತ್ತನೆಯ ತರಗತಿಯಲ್ಲಿ ನನ್ನ ಕನ್ನಡ ಪಾಠಕ್ಕೆ ಅವಳಷ್ಟು ಕಿವಿಗೊಟ್ಟವರು ಬೇರೆ ಇರಲಿಲ್ಲ. ಅವಳನ್ನು ಕರೆದದ್ದೂ ನಾನೇ. ಮೊದಲ ವಾರದಲ್ಲೇ ತನ್ನ ಕೇರಿಯ ಅಜ್ಜಿಯೊಬ್ಬಳಿಂದ ಉದ್ದನೆಯ ಮದುವೆ ಹಾಡೊಂದನ್ನು ಬರೆಯತೊಡಗಿದಳು. ಉಳಿದ ಮೂವರ ಪಟ್ಟಿಗಳಲ್ಲಿ 'ಇಲ್ಲಿ ಅರ್ಥವಾಗಲಿಲ್ಲ' ಎಂಬ ಟಿಪ್ಪಣಿಗಳು ಬೇಕಷ್ಟಿದ್ದವು. ಇವಳ ಪಟ್ಟಿಯಲ್ಲಿ ಅವು ಇರಲಿಲ್ಲ. ಅದು ಅವಳ ಮನೆಯ ಮಾತೇ ಆಗಿತ್ತು. ಅಜ್ಜಿ ಎಲ್ಲಿ ಸುಮ್ಮನಾಗುತ್ತಾಳೆ, ಯಾವ ಸಾಲನ್ನು ಗಂಡಸರ ಎದುರು ಹಾಡುವುದಿಲ್ಲ ಎಂಬುದೂ ಅವಳಿಗೆ ತಿಳಿದಿತ್ತು.

ಒಂಬತ್ತು ದಿನ ಬಂದಳು. ಹತ್ತನೆಯ ದಿನ ಬರಲಿಲ್ಲ. ಫೋನಿಗೂ ಸಿಗಲಿಲ್ಲ. ಸಮಿತಿಯಲ್ಲಿ ಯಾರೋ, "ಆಸಕ್ತಿ ಇಲ್ಲದವರು ನಿಲ್ಲುವುದಿಲ್ಲ" ಎಂದರು. ನಾನು ಸುಮ್ಮನೆ ಕುಳಿತೆ. ಅದು ನನ್ನದೇ ವಾಕ್ಯದ ಇನ್ನೊಂದು ಮಗ್ಗುಲಾಗಿತ್ತು.

ಮೂರು ವಾರದ ಮೇಲೆ ಅಕ್ಕನ ಮಗಳ ಮದುವೆಯ ಸೀರೆಗೆಂದು ಪೇಟೆಗೆ ಹೋದೆ. ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಲು ಬಂದವಳು ಅವಳೇ. ಮದುವೆಯ ಹಂಗಾಮು, ತಿಂಗಳಿಗೆ 8000 ಕೊಡುತ್ತಾರಂತೆ; ಮುಂದಿನ ಸೆಮಿಸ್ಟರಿನ ಫೀ, ತಮ್ಮನ ಪುಸ್ತಕ ಎಲ್ಲ ಅದರಲ್ಲೇ ಆಗಬೇಕಂತೆ. ಅವಳ ಮುಖದಲ್ಲಿ ನಾಚಿಕೆಯಾಗಲಿ ಸಿಟ್ಟಾಗಲಿ ಇರಲಿಲ್ಲ. ಸೀರೆ ಮಡಚುತ್ತ ಮೆಲ್ಲಗೆ ಕೇಳಿದಳು: "ಅಕ್ಕೋರೆ, ಆ ಅಜ್ಜಿ ಹಾಡು ಪೂರ್ತಿ ಬರಕೊಂಡ್ರಾ?"

ಯಾರೂ ಬರೆದುಕೊಂಡಿರಲಿಲ್ಲ. ಬೇರೆಯವರು ಹೋದಾಗ ಅಜ್ಜಿ, "ನಂಗೆ ನೆನಪಿಲ್ಲ" ಎಂದು ಕಳಿಸಿದ್ದಳು. ನಾನು ಆ ದಿನ ಎರಡು ಸೀರೆ ಹೆಚ್ಚು ಕೊಂಡೆ. ಅದರಿಂದ ಅವಳಿಗೆ ಏನೂ ಪ್ರಯೋಜನವಿಲ್ಲವೆಂದು ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ತಿಂಗಳಿಗೆ ಇಪ್ಪತ್ತೈದು ದಿನವೆಂದರೆ, ನಾನು ಬೇಡವೆಂದ 6000 ರೂಪಾಯಿ ದಿನಕ್ಕೆ 240 ಆಗುತ್ತದೆ. ಉದ್ಯೋಗ ಖಾತರಿಯಲ್ಲಿ ಗುಂಡಿ ತೋಡಿದವರಿಗೆ ಕರ್ನಾಟಕದಲ್ಲಿ 2024–25ನೇ ಸಾಲಿಗೆ ನಿಗದಿಯಾಗಿದ್ದುದು ದಿನಕ್ಕೆ 349. ಗುಂಡಿ ತೋಡುವುದಕ್ಕಿಂತಲೂ ಕಡಿಮೆ ಹಣವನ್ನು ದುಡ್ಡಿನ ರುಚಿ ಎಂದು ಕರೆದಿದ್ದೆ ನಾನು!

ನನಗೇ ಆಶ್ಚರ್ಯವಾದ ಸಂಗತಿ ಬೇರೆ ಇದೆ. ಈ ಪಾಠವನ್ನು ನಾನು ಹಿಂದೆಯೇ ಕಲಿಯಬೇಕಿತ್ತು. ಬಿ.ಎಡ್. ಮುಗಿಸಿ 1995ರಿಂದ ಮೂರು ವರ್ಷ ಅನುದಾನವಿಲ್ಲದ ಪ್ರೌಢಶಾಲೆಯೊಂದರಲ್ಲಿ ಕೆಲಸ ಮಾಡಿದೆ. ತಿಂಗಳಿಗೆ 400 ರೂಪಾಯಿ. ಅದಕ್ಕೆ ಸಂಬಳವೆನ್ನುತ್ತಿರಲಿಲ್ಲ, 'ಗೌರವಧನ' ಎನ್ನುತ್ತಿದ್ದರು. ನನ್ನ ಜೊತೆ ವಿಜ್ಞಾನ ಕಲಿಸುತ್ತಿದ್ದ ಘಟ್ಟದ ಕೆಳಗಿನ ಗೆಳತಿ ನನಗಿಂತ ಎಷ್ಟೋ ಒಳ್ಳೆಯ ಶಿಕ್ಷಕಿ. ಒಂದು ವರ್ಷಕ್ಕೆ ಬಿಟ್ಟುಹೋದಳು. ನಾನು ಉಳಿದೆ. ಬಹಳ ಕಾಲ ಅದನ್ನು ನನ್ನ ತ್ಯಾಗವೆಂದೇ ತಿಳಿದಿದ್ದೆ. ಆದರೆ ನಾನು ಉಂಡದ್ದು ಅಪ್ಪನ ತೋಟದ ಅನ್ನ. ನನ್ನ ತ್ಯಾಗದ ಖರ್ಚನ್ನು ಅಡಿಕೆ ಮರಗಳು ಹೊತ್ತಿದ್ದವು. ಅವಳ ಬೆನ್ನಿಗೆ ಮರಗಳಿರಲಿಲ್ಲ.

ಸಂಸ್ಕೃತಿಯ ಕೆಲಸ ಎಂದಾದರೂ ಪುಕ್ಕಟೆ ನಡೆದದ್ದುಂಟೇ ಎಂದು ಹುಡುಕುತ್ತ ಹೋದರೆ, ಯಾರಾದರೊಬ್ಬರು ಅನ್ನ ಹಾಕಿರುವುದು ಕಾಣುತ್ತದೆ. ಹಿಂದಿನ ಕಾಲದ ಬಡ ವಿದ್ಯಾರ್ಥಿಗಳಿಗೆ ವಾರಾನ್ನವಿತ್ತು, ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಓದುತ್ತಿದ್ದರು. ನಮ್ಮೂರಿನ ಶ್ರೀಮಾತಾ ಸಂಸ್ಕೃತ ಪಾಠಶಾಲೆಯಂಥ ಕಡೆ ಮಂತ್ರ ಕೇಳಿಸುವಾಗಲೆಲ್ಲ ನನಗೆ ಆ ಏಳು ಮನೆಗಳ ನೆನಪಾಗುತ್ತದೆ. ಯಕ್ಷಗಾನದ ವೃತ್ತಿ ಮೇಳಗಳಲ್ಲಿ ಒಂದು ತಿರುಗಾಟಕ್ಕೆ ಇಷ್ಟು ಎಂದು ಮೊದಲೇ ಮಾತಾಗುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಆ ಮೇಳದ ವೇಷಗಳನ್ನು ಯಾರೂ ಕೂಲಿಯ ವೇಷವೆಂದು ಕರೆಯಲಿಲ್ಲ. ಸಿದ್ದಾಪುರ ದಾಟಿದರೆ ಸಾಗರ ಸೀಮೆಯ ಹೆಗ್ಗೋಡು. ಅಲ್ಲಿ 1949ರಲ್ಲಿ ಹವ್ಯಾಸಿಗಳ ಸಂಘವಾಗಿ ಹುಟ್ಟಿದ ನೀನಾಸಮ್, 1985ರಲ್ಲಿ 'ತಿರುಗಾಟ'ವನ್ನು ಆರಂಭಿಸಿತು. ತಿಂಗಳುಗಟ್ಟಲೆ ಊರೂರು ಅಲೆದು ನಾಟಕ ಆಡುವ ನಟನನ್ನು ಹವ್ಯಾಸಿ ಎಂದು ಕರೆದು ಬರಿಗೈಯಲ್ಲಿ ಕಳಿಸಲಾಗದು. ಇನ್ನು ನಮ್ಮ ಜಿಲ್ಲೆಯ ಜನಪದ ಹಾಡುಗಳನ್ನು ಸಂಗ್ರಹಿಸಿಕೊಟ್ಟ ಕುಮಟಾದ ಡಾ. ಎಲ್.ಆರ್. ಹೆಗಡೆ, ಹೊನ್ನಾವರದ ಡಾ. ಎನ್.ಆರ್. ನಾಯಕ ಇಬ್ಬರೂ ಕಾಲೇಜು ಮೇಷ್ಟ್ರುಗಳು. ಅವರ ಶ್ರಮವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ತಿಂಗಳ ಸಂಬಳದ ನೆರಳಿನಲ್ಲಿ ಆ ದೊಡ್ಡ ಕೆಲಸ ಸಾಧ್ಯವಾಯಿತು ಎಂದಷ್ಟೇ ನನ್ನ ಮಾತು. ನಾನೂ ಕನ್ನಡ ಕಲಿಸಲು ಸಂಬಳ ಪಡೆಯುತ್ತೇನೆ. ಅದರಿಂದ ಕನ್ನಡದ ಮೇಲಿನ ನನ್ನ ಪ್ರೀತಿ ಕಡಿಮೆಯಾಯಿತೆಂದು ಯಾರಾದರೂ ಅಂದರೆ ಜಗಳಕ್ಕೆ ನಿಲ್ಲುತ್ತೇನೆ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗನಿಗೆ ಈ ಕಥೆ ಹೇಳಿದಾಗ ಅವನು ಲಾಸ್ ಏಂಜಲೀಸ್‌ನ ವಿಷಯ ಹೇಳಿದ. 1992ರಲ್ಲಿ ಆ ನಗರದಲ್ಲಿ ದೊಡ್ಡ ಗಲಭೆಗಳಾದವು. ಮರುವರ್ಷ ಅಲ್ಲಿನ ಗೆಟ್ಟಿ ಎಂಬ ಸಂಸ್ಥೆ, ವಸ್ತು ಸಂಗ್ರಹಾಲಯಗಳಲ್ಲಿ ಕಲೆಯ ಕೆಲಸ ಕಲಿಯಲು ಪದವಿ ವಿದ್ಯಾರ್ಥಿಗಳಿಗೆ ಹಣ ಕೊಟ್ಟು ಬೇಸಿಗೆಯಲ್ಲಿ ಅವಕಾಶ ಕೊಡತೊಡಗಿತು. ಆವರೆಗೆ ಅಂಥ ಕಡೆ ಕಾಲಿಡದ ಸಮುದಾಯಗಳ ಮಕ್ಕಳೂ ಒಳಗೆ ಬರಲಿ ಎಂಬುದು ಉದ್ದೇಶ. 2019ರಲ್ಲಿ ಅಲ್ಲಿನ ಕಲಾ ಸಂಗ್ರಹಾಲಯಗಳ ನಿರ್ದೇಶಕರ ಸಂಘವೇ ಇಂಥ ಮಕ್ಕಳನ್ನು ಬಿಟ್ಟಿ ದುಡಿಸಬೇಡಿ ಎಂದು ತನ್ನವರಿಗೆ ಹೇಳಿತಂತೆ. ಅಷ್ಟು ಸಿರಿವಂತ ದೇಶದಲ್ಲೂ ಬಾಗಿಲಿಗೆ ಅಡ್ಡವಾದದ್ದು ನಮ್ಮಲ್ಲಿಯ ಅಡ್ಡಿಯೇ ಎಂದು ತಿಳಿದು ಸಮಾಧಾನವೂ ಆಯಿತು, ಬೇಸರವೂ ಆಯಿತು.

ಆದರೂ ನನ್ನ ಹಳೆಯ ಮಾತಿನಲ್ಲಿ ಸತ್ಯವೇ ಇರಲಿಲ್ಲವೆಂದು ಹೇಳಲಾರೆ. ದೀಪಾವಳಿ ಮುಗಿದ ಮೇಲೆ ಯಾರದೋ ಮನೆಯ ಜಗಲಿಯಲ್ಲಿ ತಾಳಮದ್ದಳೆ ನಡೆಯುತ್ತದೆ. ಅರ್ಥ ಹೇಳುವವರು ತೋಟದ ಕೆಲಸ ಮುಗಿಸಿ, ಮಿಂದು, ಉಂಡು ಬಂದವರು. ಮಂಚಿಕೇರಿಯ ಹವ್ಯಾಸಿ ನಾಟಕದವರೂ ಹಾಗೆಯೇ. ಅವರೆಲ್ಲ ಗಂಟೆಗೆ ಇಷ್ಟು ಎಂದು ಕೇಳತೊಡಗಿದರೆ ಆ ಜಗಲಿಗಳು ಕತ್ತಲಾಗುತ್ತವೆ. ಹಾಗಾದರೆ ಗೆರೆ ಎಲ್ಲಿ ಎಳೆಯುವುದು?

ತುಂಬ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ತಾಳಮದ್ದಳೆಗೆ ಬಂದವನು ಮನಸ್ಸಿಲ್ಲದಿದ್ದರೆ ನಾಳೆ ಬಾರದಿರಬಹುದು, ಯಾರೂ ಕೇಳುವುದಿಲ್ಲ. ಆ ಹುಡುಗಿಗೆ ನಾವು ಹತ್ತು ಗಂಟೆಗೆ ಬಾ, ಐದಕ್ಕೆ ಹೋಗು, ಈ ಪಟ್ಟಿ ಮುಗಿಸು ಎಂದಿದ್ದೆವು. ಅವಳ ಹೊತ್ತು ನಮ್ಮದಾಗಿತ್ತು. ಹೊತ್ತನ್ನು ತೆಗೆದುಕೊಂಡವರು ಅದರ ಬೆಲೆಯನ್ನು ಕೊಡಬೇಕು. ಫಲದ ಆಸೆ ಬಿಡು ಎಂದು ಕೃಷ್ಣ ಅರ್ಜುನನಿಗೆ ಹೇಳಿದ್ದು ನಿಜ. ಇನ್ನೊಬ್ಬರ ಫಲವನ್ನು ನೀನು ಬಿಟ್ಟುಕೊಡು ಎಂದು ಹೇಳಲಿಲ್ಲ. ಸೇವೆ ಎಂಬ ಮಾತು ಮಾಡುವವರ ಬಾಯಿಂದ ಬಂದರೆ ಚೆಂದ. ಮಾಡಿಸಿಕೊಳ್ಳುವವರ ಬಾಯಿಂದ ಬಂದಾಗ ಅದರ ಅರ್ಥವೇ ಬೇರೆಯಾಗುತ್ತದೆ.

2025ರ ಬೇಸಿಗೆಗೆ ಮೊದಲು ಸಮಿತಿಯಲ್ಲಿ ಎದ್ದು ನಿಂತು, ಕಳೆದ ವರ್ಷ ನಾನು ಹೇಳಿದ್ದು ತಪ್ಪೆಂದೆ. "ಅಕ್ಕೋರೆ, ದುಡ್ಡು ಎಲ್ಲಿದ್ದು?" ಎಂದರು ಅಧ್ಯಕ್ಷರು. ನ್ಯಾಯವಾದ ಪ್ರಶ್ನೆಯೇ. ನಾನು ವಾರ್ಷಿಕೋತ್ಸವದ ಲೆಕ್ಕದ ಹಾಳೆ ತೆಗೆದೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಶಾಮಿಯಾನ ಎಲ್ಲ ಸೇರಿ 51,000 ರೂಪಾಯಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಯಾರೋ ನಕ್ಕರು. ಸನ್ಮಾನ ಕಡಿಮೆ ಮಾಡಿದರೆ ದಾನಿಗಳು ಬೇಸರಪಡುತ್ತಾರೆಂಬ ವಾದ ಬಂತು. ಅದೂ ಸುಳ್ಳಲ್ಲ. ಕೊನೆಗೆ ನಾಲ್ವರ ಬದಲು ಇಬ್ಬರು, ತಿಂಗಳಿಗೆ 8000, ಅಂಗಡಿ ಕೊಡುವಷ್ಟೇ ಎಂದಾಯಿತು. ಇಬ್ಬರು ಹಿರಿಯರು ತಮ್ಮ ಶಾಲು ಬೇಡವೆಂದರು. ಅವರಲ್ಲೊಬ್ಬರು ಬಸ್ಸಿನ ಮಾತಾಡಿದ್ದವರೇ.

ಅವಳು ಮತ್ತೆ ಬಂದಳು. ಈ ಸಲ ಒಂದು ಬದಲಾವಣೆ ಕಂಡೆ. ಮೊದಲ ವರ್ಷ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದವಳು ಈಗ ಸರಿಯಾಗಿ ಕೂರುತ್ತಾಳೆ. ಪಟ್ಟಿ ತಪ್ಪಾಗಿದೆ, ಹೀಗೆ ಮಾಡಬೇಕು ಎಂದು ನಮಗೇ ಹೇಳುತ್ತಾಳೆ. ದುಡ್ಡು ಕೊಟ್ಟರೆ ಮಕ್ಕಳು ಗಡಿಯಾರ ನೋಡುತ್ತಾರೆಂದು ಹೆದರಿದ್ದೆವು. ಗಡಿಯಾರ ನೋಡಿದ್ದು ನಿಜ, ಅಜ್ಜಿಯ ಬಳಿಗೆ ಹೊತ್ತಾಯಿತೆಂದು.

ಹಾಡು ಪೂರ್ತಿಯಾದ ದಿನ ಪುಸ್ತಕವನ್ನು ನನ್ನ ಕೈಗಿಟ್ಟು ಅವಳು ಕೇಳಿದಳು: "ನಂಗೆ ಕೊಟ್ರಿ ಅಕ್ಕೋರೆ. ಅಜ್ಜಿಗೆ?"

ನನಗೆ ಥಟ್ಟನೆ ಸುಕ್ರಿ ಬೊಮ್ಮಗೌಡರ ನೆನಪಾಯಿತು. ಅಂಕೋಲೆಯ ಬಡಗೇರಿಯ ಆ ಹಾಲಕ್ಕಿ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಹೆಸರು ದೇಶಕ್ಕೆ ಗೊತ್ತಾಯಿತು. ಹೆಸರು ಬಾರದ ಅಜ್ಜಿಯರು ಇನ್ನೆಷ್ಟು ಮಂದಿಯೋ. ಅವರ ಹಾಡು ಬರೆದುಕೊಂಡವರಿಗೆ ಪದವಿ ಬರುತ್ತದೆ, ಅಚ್ಚು ಹಾಕಿಸಿದವರಿಗೆ ಬಿಡುಗಡೆ ಸಮಾರಂಭದಲ್ಲಿ ಶಾಲು ಬರುತ್ತದೆ. ಅಜ್ಜಿಗೆ ಎಲೆಯಡಿಕೆ. ಹಾಡು ಅಜ್ಜಿಯದೋ, ಕೇರಿಯದೋ, ಅವಳಿಗೆ ಕಲಿಸಿದ ತಾಯಿಯದೋ, ಬೆಲೆ ಕಟ್ಟುವುದು ಹೇಗೆಂದು ನನಗೆ ತಿಳಿಯದು. ಆದರೆ ಅವಳೂ ನಮಗೆ ಹೊತ್ತು ಕೊಟ್ಟಿದ್ದಳು. ನನ್ನದೇ ಗೆರೆ ನನ್ನ ಕಾಲ ಬಳಿಗೇ ಬಂದಿತ್ತು.

"ಮುಂದಿನ ಸಭೆಯಲ್ಲಿ ನೀನೇ ಬಂದು ಕೇಳು" ಎಂದೆ. ಅವಳು ತಲೆಯಾಡಿಸಿದಳು. ಹೋಗುವಾಗ ಹಾಡಿನ ಒಂದು ಪ್ರತಿಯನ್ನು ಅಜ್ಜಿಗೆಂದು ತೆಗೆದುಕೊಂಡಳು. ಅಜ್ಜಿಗೆ ಓದಲು ಬರುವುದಿಲ್ಲ. "ಇರ್ಲಿ, ಅವಳ ಹೆಸರು ಮೇಲೆ ಬರದೀನಿ, ತೋರಿಸ್ತೆ" ಎಂದಳು.