ಹಳೆಯ ಯೆಜ್ಡಿಯೂ ಉಸ್ತಾದರ ಕೂಲಿಯೂ

ಈಚಿನ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಒಂದು ಹವ್ಯಾಸ ಬೆಳೆಯುತ್ತಿದೆ. ಬ್ಯಾಂಕ್ ನೌಕರರು, ಕಾಲೇಜು ಅಧ್ಯಾಪಕರು, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ದುಡಿಯುವ ಹುಡುಗರು ಎಲ್ಲಿಂದಲೋ ಒಂದು ಹಳೆಯ ಯೆಜ್ಡಿ ಬೈಕನ್ನು ಹುಡುಕಿ ತರುತ್ತಾರೆ. ಅದು ಯಾರದೋ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಆಸರೆಯಾಗಿ ನಿಂತಿದ್ದ ಗಾಡಿಯಾಗಿರಬಹುದು, ತೀರಿಹೋದ ತಂದೆಯದೇ ಆಗಿರಬಹುದು. ಮನೆಯ ಜಗಲಿಯ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಒಂದು ಸೆಟ್ ಸ್ಪ್ಯಾನರ್ ಕೊಂಡು, ಭಾನುವಾರಗಳಲ್ಲಿ ಅದನ್ನು ಬಿಚ್ಚತೊಡಗುತ್ತಾರೆ. ಆದಷ್ಟು ಕಡಿಮೆ ಖರ್ಚಿನಲ್ಲಿ ತಾವೇ ಕಟ್ಟಿ ನಿಲ್ಲಿಸಬೇಕೆಂಬುದು ಅವರ ಆಸೆ. ಇದನ್ನು ಉಳ್ಳವರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ನಮಗೆ ಹಾಗನ್ನಿಸುವುದಿಲ್ಲ. ಪುಸ್ತಕ ಮತ್ತು ಪರೀಕ್ಷೆಗಳಿಂದ ಬದುಕು ಕಟ್ಟಿಕೊಂಡವರು ಮೊದಲ ಬಾರಿಗೆ ಕೈಗೆ ಗ್ರೀಸು ಹಚ್ಚಿಕೊಳ್ಳುವ ಈ ಗಳಿಗೆಯಲ್ಲಿ, ನಾವು ಬಹುಕಾಲದಿಂದ ಮುಂದೂಡುತ್ತ ಬಂದಿರುವ ಒಂದು ಪ್ರಶ್ನೆ ಎದುರಾಗುತ್ತದೆ. ಅರಿವು ಎಂದು ನಾವು ಕರೆಯುವುದು ಯಾವುದನ್ನು? ಅದಕ್ಕೆ ಕೊಡುವ ಬೆಲೆ ಎಷ್ಟು?

ಯೆಜ್ಡಿ ಕನ್ನಡ ನಾಡಿನದೇ ಗಾಡಿ. ಹಾಗೆಂದು ಅದು ಇಲ್ಲೇ ಮೊಳೆತದ್ದಲ್ಲ. ಮೂಲ ವಿನ್ಯಾಸ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯದು. ಅಲ್ಲಿ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನೂ ಜರ್ಮನಿಯ ವಾಂಡರರ್ ಕಂಪನಿಯ ಮೊದಲಕ್ಷರಗಳನ್ನೂ ಸೇರಿಸಿ ಆ ಹೆಸರಿಟ್ಟ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದವರು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. 1973ರಿಂದ ಗಾಡಿಯ ಮೇಲೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ನಗರದ ನೆನಪು ಅದರಲ್ಲಿದೆ. ಜೆಕ್ ವಿನ್ಯಾಸ, ಪರ್ಷಿಯದ ಹೆಸರು, ಮೈಸೂರಿನ ಕಾರ್ಮಿಕರ ಕೈ. ಶುದ್ಧ ಸಂಸ್ಕೃತಿಯ ಬಗ್ಗೆ ಮಾತಾಡುವವರು ಒಮ್ಮೆ ಈ ಗಾಡಿಯ ಮೇಲೆ ಕೂತು ನೋಡಬೇಕು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಹೊಸ ಗಾಡಿಗಳಿಗೆ ಇಟ್ಟು ಮಾರುಕಟ್ಟೆಗೆ ತಂದಿತು. ಅವು ಬೇರೆಯೇ ಎಂಜಿನ್ನಿನ ಗಾಡಿಗಳು. ನಾವಿಲ್ಲಿ ಮಾತಾಡುತ್ತಿರುವುದು ಹಳೆಯದರ ಬಗ್ಗೆ.

ಹಳೆಯ ಗಾಡಿಯನ್ನು ಬಿಚ್ಚಿ ಕಟ್ಟುವಾಗ ತತ್ವಶಾಸ್ತ್ರದ ಒಂದು ಹಳೆಯ ಒಗಟು ತಾನಾಗಿಯೇ ಬಂದು ನಿಲ್ಲುತ್ತದೆ. ಥೀಸಿಯಸ್ ಎಂಬ ವೀರನ ಹಡಗಿನ ಹಲಗೆಗಳು ಒಂದೊಂದಾಗಿ ಕೊಳೆತಾಗ ಅಥೆನ್ಸಿನ ಜನ ಹೊಸ ಹಲಗೆ ಜೋಡಿಸುತ್ತ ಹೋದರಂತೆ. ಎಲ್ಲ ಹಲಗೆಯೂ ಬದಲಾದ ಮೇಲೆ ಅದು ಅದೇ ಹಡಗೇ? ಪ್ಲುಟಾರ್ಕ್ ಈ ಚರ್ಚೆಯನ್ನು ದಾಖಲಿಸಿದ. ತೆಗೆದು ಬಿಸಾಡಿದ ಹಲಗೆಗಳನ್ನೆಲ್ಲ ಕೂಡಿಸಿ ಇನ್ನೊಬ್ಬ ಹಡಗು ಕಟ್ಟಿದರೆ ಯಾವುದು ಅಸಲಿ ಎಂದು 17ನೇ ಶತಮಾನದಲ್ಲಿ ಹಾಬ್ಸ್ ಅದನ್ನು ಇನ್ನಷ್ಟು ಗೋಜಲು ಮಾಡಿದ. ಹೊಸ ಪಿಸ್ಟನ್, ಹೊಸ ಮಡ್‌ಗಾರ್ಡ್, ಬೇರೊಂದು ಗಾಡಿಯ ಟ್ಯಾಂಕು ಹಾಕಿದ ಯೆಜ್ಡಿ ಅಪ್ಪನ ಯೆಜ್ಡಿಯೇ? ಸರ್ಕಾರಕ್ಕೆ ಇದರಲ್ಲಿ ಗೊಂದಲವಿಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಛಾಸಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಾಗದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಕಬ್ಬಿಣಕ್ಕೆ ಹೊಡೆದ ನಂಬರೇ ಗಾಡಿಯ ಆತ್ಮ.

ಒಗಟು ಸೊಗಸಾಗಿದೆ. ಆದರೆ ಅದು ವಸ್ತುವಿನ ಬಗ್ಗೆಯೇ ಕೇಳುತ್ತದೆ, ಹಲಗೆ ಜೋಡಿಸಿದ ಬಡಗಿಯ ಬಗ್ಗೆ ಒಂದು ಮಾತೂ ಇಲ್ಲ. ಸಾವಿರಾರು ವರ್ಷ ಪಂಡಿತರು ಆ ಹಡಗಿನ ಬಗ್ಗೆ ವಾದಿಸಿದರು. ಯಾವ ಹಲಗೆ ಕೊಳೆತಿದೆಯೆಂದು ತಟ್ಟಿ ನೋಡಿ ಹೇಳಿದವನು ಯಾರೆಂದು ಕೇಳಿದವರು ಕಡಿಮೆ. ನಮ್ಮ ಜಗಲಿಯ ಮೇಲೆ ಬಿಚ್ಚಿಟ್ಟ ಯೆಜ್ಡಿ ಕೇಳುವುದು ಆ ಎರಡನೆಯ ಪ್ರಶ್ನೆಯನ್ನು.

ಹಾಗೆ ನೋಡಿದರೆ ಯೆಜ್ಡಿಯ ಎಂಜಿನ್ ಸರಳವಾದದ್ದು. ಟೂ ಸ್ಟ್ರೋಕ್, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. 250 ಸಿಸಿ ಗಾಡಿಯಲ್ಲಿ 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಗೇರು ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್. ಹೊಸಬರಿಗೆ ಇದು ಧೈರ್ಯ ಕೊಡುತ್ತದೆ. ಮೊದಲ ಭಾನುವಾರ ಸೀಟು, ಟ್ಯಾಂಕು, ಚಕ್ರಗಳು ಸಲೀಸಾಗಿ ಬಿಚ್ಚಿಕೊಳ್ಳುತ್ತವೆ. ತುಕ್ಕು ಹಿಡಿದ ಟ್ಯಾಂಕಿನೊಳಗೆ ಹಳೆಯ ನಟ್ಟುಗಳನ್ನೋ ಚೈನಿನ ತುಂಡನ್ನೋ ಹಾಕಿ ಅಲ್ಲಾಡಿಸಿದರೆ ತುಕ್ಕು ಉದುರುತ್ತದೆ. ಕಷ್ಟ ಶುರುವಾಗುವುದು ಎಂಜಿನ್ ಕೇಸಿನ ಸ್ಕ್ರೂಗಳ ಬಳಿ. ಹತ್ತಾರು ವರ್ಷ ಬಿಸಿ, ಎಣ್ಣೆ, ನೀರು ತಿಂದು ಅವು ಅಲ್ಯುಮಿನಿಯಂ ಜೊತೆ ಒಂದಾಗಿಬಿಟ್ಟಿರುತ್ತವೆ. ಸೀಮೆಎಣ್ಣೆ ಬಿಟ್ಟು ಒಂದು ದಿನ ಕಾಯಬೇಕು, ಬಿಸಿ ಮಾಡಬೇಕು. ಬಲ ಹಾಕಿದರೆ ಸ್ಕ್ರೂವಿನ ತಲೆ ಸವೆದುಹೋಗುತ್ತದೆ. ಗ್ಯಾರೇಜಿನಲ್ಲಾದರೆ ಉಸ್ತಾದ್ ಬಂದು ತಲೆಯ ಅಂಚಿಗೆ ಒಂದು ಚಾಣವನ್ನು ಓರೆಯಾಗಿ ಹಿಡಿದು ಸುತ್ತಿಗೆಯಿಂದ ನಾಲ್ಕು ಸಲ ತಟ್ಟುತ್ತಾರೆ. ಸ್ಕ್ರೂ ತಿರುಗುತ್ತದೆ. ಎಷ್ಟು ಓರೆ, ಎಷ್ಟು ಬಲ ಎಂದರೆ ಅವರಿಗೆ ಹೇಳಲು ಬರುವುದಿಲ್ಲ. "ನೋಡ್ಕೊಳ್ಳಿ ಸಾರ್" ಎನ್ನುತ್ತಾರೆ ಅಷ್ಟೆ.

ಇನ್ನೂ ಸೂಕ್ಷ್ಮವಾದದ್ದು ರೋಗ ಪತ್ತೆಹಚ್ಚುವ ಕೆಲಸ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸಿಗೆ ಬಂದು ಆಮೇಲೆ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಆ ಕೇಸಿನಲ್ಲಿ ಗಾಳಿ ಸೋರಬಾರದು. ಕ್ರ್ಯಾಂಕಿನ ಎರಡೂ ತುದಿಗಳಲ್ಲಿ ಇರುವ ರಬ್ಬರಿನ ಆಯಿಲ್ ಸೀಲುಗಳು, ಗಾಡಿ ಬಹಳ ಕಾಲ ನಿಂತರೆ ಗಟ್ಟಿಯಾಗಿ ಬಿರಿಯುತ್ತವೆ. ಹೊರಗಿನ ಗಾಳಿ ಒಳಗೆ ನುಗ್ಗಿದರೆ ಮಿಶ್ರಣ ತೆಳುವಾಗಿ, ಎಂಜಿನ್ ಕಾದು, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ಲಚ್ ಬದಿಯ ಸೀಲು ಹೋದರೆ ಗೇರಿನ ಎಣ್ಣೆಯನ್ನೇ ಎಳೆದು ಬಿಳಿ ಹೊಗೆ ಬಿಡುತ್ತದೆ. ಹೊಸಬರು ಕಾರ್ಬ್ಯುರೇಟರನ್ನು ಹತ್ತು ಸಲ ಬಿಚ್ಚಿ ತೊಳೆಯುತ್ತಾರೆ, ಪ್ಲಗ್ ಬದಲಿಸುತ್ತಾರೆ, ಪಿಸ್ಟನ್ ಹಳೆಯದೆಂದು ಲೇತ್ ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ಉಸ್ತಾದ್ ಮಾತ್ರ ಆಕ್ಸಿಲರೇಟರ್ ಒಮ್ಮೆ ತಿರುಗಿಸಿ ಬಿಟ್ಟು, ಎಂಜಿನ್ನಿನ ಶಬ್ದ ಕೆಳಗಿಳಿಯಲು ತಡವಾಗುವುದನ್ನು ಕೇಳಿಸಿಕೊಳ್ಳುತ್ತಾರೆ. ಸೈಲೆನ್ಸರ್ ತುದಿಯ ಜಿಡ್ಡನ್ನು ಬೆರಳಲ್ಲಿ ಉಜ್ಜಿ ಮೂಸುತ್ತಾರೆ. ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುತ್ತಾರೆ: ಬಿಸ್ಕತ್ತಿನ ಬಣ್ಣವಾದರೆ ಸರಿ, ಮಸಿಯಾದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ಪಾಯಿಂಟ್ ತೆರೆಯುವ ಗಳಿಗೆಯನ್ನು ಹಿಡಿಯಲು ಸಿಗರೇಟಿನ ತೆಳು ಕಾಗದವನ್ನು ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾರೆ. ಕಾಗದ ಸಡಿಲವಾದ ಜಾಗವೇ ಟೈಮಿಂಗ್.

ಇದನ್ನು ನಾವು ಏನೆಂದು ಕರೆಯುತ್ತೇವೆ? 'ಅನುಭವ' ಎನ್ನುತ್ತೇವೆ. 'ಜ್ಞಾನ' ಎನ್ನಲು ನಾಲಿಗೆ ತಡವರಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರಿಗೆ ಅನುಭವವೇ ಅತಿ ದೊಡ್ಡ ಮಾತಾಗಿತ್ತು, ಅವರ ಮಂಟಪಕ್ಕೇ ಆ ಹೆಸರಿತ್ತು ಎಂಬುದನ್ನು ನೆನೆದರೆ ಈ ಪದ ಎಷ್ಟು ಕೆಳಗಿಳಿದಿದೆ ಎಂಬುದು ತಿಳಿಯುತ್ತದೆ. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ ಮುಂತಾದವರ ಹೆಸರಿನ ಮುಂದೆಯೇ ದುಡಿಮೆಯ, ಕುಲದ ಗುರುತು ನಾಚಿಕೆಯಿಲ್ಲದೆ ನಿಂತಿದೆ. ನಾವೀಗ 'ಮೆಕ್ಯಾನಿಕ್' ಎಂಬುದನ್ನು ಮದುವೆಯ ಮಾತುಕತೆಯಲ್ಲಿ 'ಆಟೋಮೊಬೈಲ್ ಬಿಸಿನೆಸ್' ಎಂದು ತಿದ್ದಿ ಹೇಳುತ್ತೇವೆ.

ಗ್ಯಾರೇಜುಗಳ ಭಾಷೆ ಮಾತ್ರ ಒಂದು ಗೌರವವನ್ನು ಉಳಿಸಿಕೊಂಡಿದೆ. ಫಾರಸಿಯಿಂದ ಬಂದ 'ಉಸ್ತಾದ್' ಎಂಬ ಮಾತು ತಬಲಾ ನುಡಿಸುವವರಿಗೂ, ಕರಾವಳಿಯ ಮದ್ರಸಗಳಲ್ಲಿ ಓದಿಸುವ ಗುರುಗಳಿಗೂ ಸಲ್ಲುತ್ತದೆ. ಗರಡಿಮನೆಯಲ್ಲಿ ಅದೇ 'ವಸ್ತಾದ್' ಆಗಿದೆ. ಮೆಕ್ಯಾನಿಕ್ ಯಾವ ಜಾತಿ, ಯಾವ ಧರ್ಮದವನಾದರೂ ಶಾಗಿರ್ದ ಹುಡುಗರಿಗೆ ಉಸ್ತಾದನೇ. ಗ್ರಂಥ ಬಲ್ಲವನಿಗೂ ಕಾರ್ಬ್ಯುರೇಟರ್ ಬಲ್ಲವನಿಗೂ ಒಂದೇ ಪದ ಕೊಟ್ಟ ಈ ಜನಭಾಷೆ ನಮ್ಮ ವಿಶ್ವವಿದ್ಯಾಲಯಗಳಿಗಿಂತ ಉದಾರವಾದದ್ದು.

ಟ್ಯೂನಿಸ್‌ನಲ್ಲಿ ಹುಟ್ಟಿದ ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲಿ ಬರೆದ 'ಮುಖದ್ದಿಮಾ'ದಲ್ಲಿ ಕಸುಬುಗಳಿಗಾಗಿಯೇ ಹಲವು ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಕಸುಬು ಎಂಬುದು ಒಂದು 'ಮಲಕಾ', ಎಂದರೆ ಮತ್ತೆ ಮತ್ತೆ ಮಾಡುವುದರಿಂದ ಮನುಷ್ಯನೊಳಗೆ ಬೇರುಬಿಡುವ ಬಲ ಎಂಬುದು ಅವನ ವಿವರಣೆ. ಹೇಳಿಕೆಯಿಂದ ಕಲಿತದ್ದಕ್ಕಿಂತ ಕಣ್ಣಾರೆ ಕಂಡು ಕಲಿತದ್ದು ಪೂರ್ಣವಾದದ್ದು ಎಂದೂ ಅವನು ವಾದಿಸುತ್ತಾನೆ. ಉಸ್ತಾದರು "ನೋಡ್ಕೊಳ್ಳಿ" ಎಂದಾಗ ಅದು ಮಾತು ಬಾರದವನ ಮಾತಲ್ಲ, ಒಂದು ಬೋಧನಾ ಕ್ರಮ ಎಂಬುದು ಇದರಿಂದ ಅರ್ಥವಾಗುತ್ತದೆ. ಅದೇ ಗ್ರಂಥದಲ್ಲಿ ಇಬ್ನ್ ಖಲ್ದೂನ್ ಇನ್ನೂ ಒಂದು ಮಾತು ಹೇಳುತ್ತಾನೆ: ಮನುಷ್ಯನ ಗಳಿಕೆಯೆಲ್ಲ ಬಹುಮಟ್ಟಿಗೆ ಮನುಷ್ಯಶ್ರಮದ ಬೆಲೆಯೇ. ಈ ಮಾತಿಗೆ ಮುಂದೆ ಬರೋಣ.

ಅದಕ್ಕೆ ಮೊದಲು ಒಂದು ತೊಡಕನ್ನು ಎದುರಿಸಬೇಕು. ಉಸ್ತಾದರ ಕೈಯನ್ನು ಹೊಗಳುವುದು ಎಂದರೆ ಅವರಿಗೆ ಸಿಗದೆಹೋದ ಬಾಲ್ಯವನ್ನೂ ಹೊಗಳಿದಂತಾಗುವ ಅಪಾಯವಿದೆ. ಈಗ ಅರವತ್ತು ದಾಟಿದ ಅನೇಕ ಮೆಕ್ಯಾನಿಕ್‌ಗಳು ಎಂಟು ಹತ್ತು ವರ್ಷಕ್ಕೇ ಶಾಲೆ ಬಿಟ್ಟು ಗ್ಯಾರೇಜು ಸೇರಿದವರು. ವರ್ಷಗಟ್ಟಲೆ ಚಹಾ ತಂದು, ಬೇರಿಂಗ್ ತೊಳೆದು, ಬೈಗುಳ ಮತ್ತು ಏಟು ತಿಂದು ಕಲಿತವರು. 2006ರ ಸಾಚಾರ್ ಸಮಿತಿ ವರದಿ, ಮುಸ್ಲಿಂ ಕೆಲಸಗಾರರಲ್ಲಿ ಸಂಬಳದ ನೌಕರಿಯಲ್ಲಿರುವವರು ಕಡಿಮೆ, ಸ್ವಂತ ದುಡಿಮೆಯನ್ನು ನೆಚ್ಚಿದವರು ಇತರರಿಗಿಂತ ಹೆಚ್ಚು ಎಂಬುದನ್ನು ತೋರಿಸಿತ್ತು. ಅದು ಆಯ್ಕೆಯಾಗಿರಲಿಲ್ಲ, ಬೇರೆ ಬಾಗಿಲುಗಳು ಮುಚ್ಚಿದ್ದವು. 2016ರ ತಿದ್ದುಪಡಿಯ ನಂತರ, ಕುಟುಂಬದ ಕಸುಬಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವುದು ಎಲ್ಲ ಕಸುಬುಗಳಲ್ಲೂ ಅಪರಾಧ. ಅದು ಸರಿಯಾದ ಕಾನೂನು. ಕೈಯ ಅರಿವಿನ ಸೌಂದರ್ಯವನ್ನು ತೋರಿಸಿ ಯಾರೂ ಒಂದು ಮಗುವಿನ ಪಾಟಿಚೀಲವನ್ನು ಕಿತ್ತುಕೊಳ್ಳುವಂತಿಲ್ಲ. ಆದರೆ ಹಾಗೆ ಕಲಿತ ಅರಿವಿಗೆ, ಕಲಿತ ದಾರಿ ಕ್ರೂರವಾಗಿತ್ತೆಂಬ ಕಾರಣಕ್ಕೆ, ಕಡಿಮೆ ಬೆಲೆ ಕಟ್ಟುವುದು ಎರಡನೆಯ ಕ್ರೌರ್ಯ.

ಈಗ ಬಜೆಟ್ಟಿನ ವಿಷಯ. ಹಳೆಯ ಗಾಡಿಯನ್ನು ಅಗ್ಗದಲ್ಲಿ ಕಟ್ಟುವವರ ಖರ್ಚಿನ ಪುಸ್ತಕವನ್ನು ನೋಡಬೇಕು. ಟಯರು, ಟ್ಯೂಬು, ಬ್ಯಾಟರಿ: ಡಬ್ಬಿಯ ಮೇಲೆ ಅಚ್ಚಾದ ಬೆಲೆ. ಪಿಸ್ಟನ್ ಮತ್ತು ರಿಂಗು, ಕನೆಕ್ಟಿಂಗ್ ರಾಡ್ ಕಿಟ್, ಬೇರಿಂಗು: ಅಂಗಡಿಯವನು ಹೇಳಿದ್ದು. ಕ್ರೋಮ್ ಮತ್ತು ಪೇಂಟು: ಎಲ್ಲಕ್ಕಿಂತ ದೊಡ್ಡ ಮೊತ್ತ, ಅದೂ ಮುಂಗಡ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಸಾಮಾನು ಹುಡುಕಿದರೆ ಅಲ್ಲಿ ಮಾತ್ರ ಒಂದಿಷ್ಟು ಎಳೆದಾಟ. ಪುಸ್ತಕದ ಕೊನೆಯಲ್ಲಿ 'ಕೂಲಿ' ಎಂಬ ಸಾಲು ಬರುತ್ತದೆ. ನಿಜವಾದ ಚೌಕಾಸಿ ನಡೆಯುವುದು ಅಲ್ಲಿ. "ಏನ್ ಭಾಯ್, ಐದ್ ನಿಮಿಷದ ಕೆಲಸಕ್ಕೆ ಇಷ್ಟಾ?" ಎಂಬ ಪ್ರಶ್ನೆ ಕೇಳದ ಗ್ಯಾರೇಜು ನಮ್ಮ ನಾಡಿನಲ್ಲಿ ಇರಲಾರದು. ರಬ್ಬರಿಗೆ, ಬಣ್ಣಕ್ಕೆ, ಕಬ್ಬಿಣಕ್ಕೆ ನಿಗದಿತ ಬೆಲೆಯಿದೆ; ಕೈಗೆ ಮಾತ್ರ ದಯೆ ಇದ್ದಷ್ಟು. ಡಾಕ್ಟರು ಐದು ನಿಮಿಷದಲ್ಲಿ ಚೀಟಿ ಬರೆದು ಕೊಟ್ಟರೆ ನಾವು ಗಡಿಯಾರ ನೋಡುವುದಿಲ್ಲ, ಬೇಗ ಗುರುತಿಸಿದರೆಂದು ಹೊಗಳುತ್ತೇವೆ. ಅದೇ ವೇಗ ಮೆಕ್ಯಾನಿಕ್‌ನಲ್ಲಿ ಕಂಡರೆ ಅದು ಕಡಿಮೆ ಕೊಡಲು ಕಾರಣವಾಗುತ್ತದೆ. ಹಾಗಾದರೆ 'ಅಗ್ಗದ' ಬೈಕು ಅಗ್ಗವಾದದ್ದು ಹೇಗೆ? ಶ್ರಮದ ಬೆಲೆಯ ಬಗ್ಗೆ ಇಬ್ನ್ ಖಲ್ದೂನ್ ಹೇಳಿದ ಮಾತನ್ನು ಇಲ್ಲಿ ತಿರುಗಿಸಿ ಓದಬಹುದು: ಎಲ್ಲೋ ಒಂದು ಕಡೆ ಉಳಿದ ಹಣ ಯಾರದೋ ಶ್ರಮದಿಂದ ಕಡಿದದ್ದು.

ಇಲ್ಲೇ ಮನೆಯ ಜಗಲಿಯ ಕೆಲಸಕ್ಕೆ ಒಂದು ಅರ್ಥ ಬರುವುದು. ಒಂದು ಸ್ಕ್ರೂ ಬಿಡಿಸಲು ಎರಡು ಭಾನುವಾರ ಕಳೆದವರಿಗೆ ಆ ನಾಲ್ಕು ಸುತ್ತಿಗೆ ಏಟುಗಳ ತೂಕ ತಿಳಿಯುತ್ತದೆ. ಸೀಲು ಕೂರಿಸುವಾಗ ಅಂಚು ಮಡಚಿಕೊಂಡು ಮತ್ತೆ ಕೇಸು ಬಿಚ್ಚಬೇಕಾಗಿ ಬಂದವರಿಗೆ 'ಐದು ನಿಮಿಷ' ಎಂಬ ಮಾತು ಬಾಯಿಗೆ ಬರುವುದು ಕಷ್ಟ. ದುಡ್ಡು ಉಳಿಸಲೆಂದು ಶುರುಮಾಡಿದ ಕೆಲಸ ದುಡ್ಡಿನ ಲೆಕ್ಕವನ್ನೇ ಬದಲಿಸುವುದುಂಟು. ಎಲ್ಲರಲ್ಲೂ ಹಾಗಾಗುತ್ತದೆ ಎಂದು ನಂಬುವಷ್ಟು ನಾವು ಮುಗ್ಧರಲ್ಲ. ಎಂಜಿನ್ನಿನ ಕಠಿಣ ಭಾಗವನ್ನೆಲ್ಲ ಗ್ಯಾರೇಜಿನಲ್ಲಿ ಮಾಡಿಸಿ, ಪೇಂಟ್ ಹೊಡೆದ ಮೇಲೆ ಪಕ್ಕದಲ್ಲಿ ನಿಂತು 'ನಾನೇ ಕಟ್ಟಿದ್ದು' ಎನ್ನುವವರೂ ಇದ್ದಾರೆ. ಬಿರುಕಿನ ಮೇಲೆ ಪುಟ್ಟಿ ಮೆತ್ತಿ 'ಫುಲ್ ರೆಸ್ಟೋರ್' ಎಂದು ಮಾರುವವರೂ ಇದ್ದಾರೆ. ಅದು ಸರಳವಾದ ಮೋಸ, ಅದಕ್ಕೆ ತತ್ವಶಾಸ್ತ್ರ ಬೇಕಿಲ್ಲ.

ಕೂಲಿಯನ್ನು ಸರಿಯಾಗಿ ಕೊಡುವುದರ ಜೊತೆಗೆ ಕೊಡಬೇಕಾದ ಇನ್ನೊಂದಿದೆ: ಹೆಸರು. ಗಾಡಿಯನ್ನು ನಾಲ್ಕು ಜನರಿಗೆ ತೋರಿಸುವಾಗ ಬೋರ್ ಮಾಡಿದ ಲೇತ್‌ನವರು ಯಾರು, ಕ್ರ್ಯಾಂಕು ಸರಿಮಾಡಿದವರು ಯಾರು ಎಂದು ಹೇಳಲು ಖರ್ಚಿಲ್ಲ. ಪುಸ್ತಕ ಬರೆದವರು ಮುನ್ನುಡಿಯಲ್ಲಿ ಗುರುಗಳನ್ನು ನೆನೆಯುತ್ತಾರಲ್ಲ, ಹಾಗೆ.

ಉಸ್ತಾದರ ಮಕ್ಕಳು ಈಗ ಡಿಪ್ಲೊಮಾ, ಬಿ.ಕಾಂ. ಓದುತ್ತಿದ್ದಾರೆ. ಅದು ಸಂತೋಷದ ಸಂಗತಿಯೇ. ಗ್ಯಾರೇಜಿಗೆ ಕಲಿಯಲು ಬರುವ ಹುಡುಗರು ಕಡಿಮೆಯಾಗಿದ್ದಾರೆ. ಬರುವವರಿಗೂ ಟೂ ಸ್ಟ್ರೋಕ್ ಬೇಕಿಲ್ಲ. ಹೀಗಾಗಿ ಕೆಲವು ಕಡೆ ಉಸ್ತಾದರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿರುವ ಶಾಗಿರ್ದರು ನಲವತ್ತು ದಾಟಿದ, ಕನ್ನಡಕ ಹಾಕಿದ, ರಜೆಯ ದಿನ ಬರುವ ಮಂದಿ. ಈ ನಡುವೆ ಪೆಟ್ರೋಲು ಕೂಡ ಬದಲಾಗಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಯುವಂತಾಯಿತು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. 1970ರ ದಶಕದ ಪೈಪು, ವಾಷರುಗಳನ್ನು ಮಾಡಿದವರಿಗೆ ಇಂಥದೊಂದು ಪೆಟ್ರೋಲು ಬರುತ್ತದೆಂದು ಗೊತ್ತಿರಲಿಲ್ಲ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬ್ಯುರೇಟರ್ ಖಾಲಿ ಮಾಡಿ, ಪೈಪನ್ನು ಬೆರಳಲ್ಲಿ ಹಿಸುಕಿ ನೋಡಿ, ಮೆತ್ತಗಾಗಿದ್ದರೆ ಬದಲಿಸಿ ಎಂದು ಉಸ್ತಾದರು ಹೇಳತೊಡಗಿದ್ದಾರೆ. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗುತ್ತ ಬಂದಿರುವ ಗಾಡಿಯ ಬಗ್ಗೆ ಅವರಿಗೆ ಇದನ್ನು ಬರೆದು ತಿಳಿಸಲು ಯಾವ ಕಂಪನಿಯೂ ಇಲ್ಲ. ಬಂದ ಗಾಡಿಗಳ ಪೈಪುಗಳನ್ನು ಮುಟ್ಟಿ ಮುಟ್ಟಿ ತಿಳಿದುಕೊಂಡಿದ್ದಾರೆ.