ಕಂದಕದೊಳಗಿನ ಜೀವಕ್ಕೆ ಯಾರು ಹೊಣೆ?

ಕೆಲಸ ಮಾಡುವವನು ಕೂಲಿಯಾಳು, ಮಾಡಿಸುವವನು ಗುತ್ತಿಗೆದಾರ, ಹಣ ಕೊಡುವುದು ಸರಕಾರ. ಅಗೆದ ಕಂದಕ ಕುಸಿದು ಒಂದು ಜೀವ ಹೋದರೆ ಈ ಮೂವರಲ್ಲಿ ಹೊಣೆಗಾರ ಯಾರು?

ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಎದೆಯವರೆಗೆ ಹೂತವನ ತಲೆ ಹೊರಗಿದ್ದರೂ ಅವನ ಎದೆ ಹಿಗ್ಗಲಾರದು, ಉಸಿರು ನಿಲ್ಲುತ್ತದೆ. ಹಲಗೆ ಮತ್ತು ಅಡ್ಡದಿಮ್ಮಿಗಳ ಆಸರೆ ಕೊಟ್ಟರೆ, ಇಲ್ಲವೇ ಬದಿಗಳನ್ನು ಇಳಿಜಾರಾಗಿ ಕಡಿದರೆ ಈ ಸಾವನ್ನು ತಡೆಯಬಹುದು. ಆದರೆ ಅದಕ್ಕೆ ಹಣ ಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾರ್ಮಿಕ ಕಾನೂನು ಈ ಹಣದ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದೆ. ಸರಕಾರ ಅಥವಾ ನಗರಾಡಳಿತವು ಐದು ಅಡಿ ಅಥವಾ ಅದಕ್ಕಿಂತ ಆಳದ ಕೊಳವೆ, ಒಳಚರಂಡಿ ಕಾಮಗಾರಿಗೆ ಟೆಂಡರು ಕರೆದರೆ, ಆಸರೆಯ ವೆಚ್ಚವನ್ನು ದರಪಟ್ಟಿಯಲ್ಲಿ ಒಂದು ಬಾಬ್ತಾಗಿಯೇ ತೋರಿಸಬೇಕು. ಕಾಮಗಾರಿಯ ಅಂದಾಜು ವೆಚ್ಚ 25,000 ಡಾಲರ್ ಮೀರಿದ್ದರೆ, ಅಷ್ಟು ಆಳ ಅಗೆಯುವ ಮೊದಲೇ ಕಾರ್ಮಿಕರ ರಕ್ಷಣೆಯ ವಿವರವಾದ ನಕ್ಷೆ ಸಲ್ಲಿಸಿ ಒಪ್ಪಿಗೆ ಪಡೆಯಬೇಕು.

ಮನಸ್ಸಾಕ್ಷಿಯಿರುವ ಗುತ್ತಿಗೆದಾರನಿಗೆ ಇಷ್ಟೆಲ್ಲ ಬರೆದುಕೊಡಬೇಕೇ ಎಂದು ಕೆಲವರು ಕೇಳಬಹುದು. ಯೋಚಿಸಿ ನೋಡಿ. ಇಬ್ಬರು ಟೆಂಡರು ಹಾಕುತ್ತಾರೆ. ಒಬ್ಬನು ಆಸರೆಯ ಖರ್ಚನ್ನು ಸೇರಿಸಿದ್ದಾನೆ, ಇನ್ನೊಬ್ಬನು ಕೈಬಿಟ್ಟಿದ್ದಾನೆ. ಕಡಿಮೆ ದರಕ್ಕೆ ಕೆಲಸ ಸಿಗುತ್ತದೆ. ಪ್ರಾಮಾಣಿಕನು ಬರಿಗೈಯಲ್ಲಿ ಮರಳುತ್ತಾನೆ. ಮುಂದಿನ ಸಲ ಅವನೂ ಹಲಗೆಗಳನ್ನು ಕೈಬಿಟ್ಟರೆ ತಪ್ಪು ಅವನೊಬ್ಬನದೇ? ಒಳ್ಳೆಯವನು ಸೋಲುವಂಥ ಸ್ಪರ್ಧೆಯನ್ನು ಏರ್ಪಡಿಸಿದವನಿಗೂ ಅದರಲ್ಲಿ ಪಾಲಿಲ್ಲವೇ? ಆ ಒಂದು ಬಾಬ್ತು ಕೂಲಿಯಾಳಿನ ಜೀವವನ್ನು ಚೌಕಾಸಿಯಿಂದ ಹೊರಗಿಡುವ ಪ್ರಯತ್ನವಾಗಿದೆ.

ಆದರೆ ಕಾಗದವು ಮಣ್ಣನ್ನು ತಡೆದು ನಿಲ್ಲಿಸುವುದಿಲ್ಲ. ಆ ಬಾಬ್ತಿನೆದುರು ನಾಮಮಾತ್ರದ ಮೊತ್ತ ಬರೆಯಲೂ ಸಾಧ್ಯವಿದೆ. ಆದ್ದರಿಂದಲೇ ತಿಳಿವಳಿಕೆಯುಳ್ಳ ವ್ಯಕ್ತಿಯೊಬ್ಬನು ಪ್ರತಿದಿನ ಕೆಲಸಕ್ಕೆ ಮುಂಚೆ ಮತ್ತು ಮಳೆ ಬಂದ ಬಳಿಕ ಕಂದಕವನ್ನು ಪರೀಕ್ಷಿಸಬೇಕೆಂದು ಅಮೆರಿಕದ ಕೇಂದ್ರ ಸರಕಾರದ ನಿಯಮಗಳು ಹೇಳುತ್ತವೆ.

ನಕ್ಷೆಯನ್ನು ಕಡ್ಡಾಯಗೊಳಿಸಿದ ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ. ಆ ಕಲಮಿನ ಕಾರಣದಿಂದ ಗುತ್ತಿಗೆ ಕೊಟ್ಟ ಸಂಸ್ಥೆಯ ಮೇಲಾಗಲಿ ಅದರ ನೌಕರರ ಮೇಲಾಗಲಿ ನಷ್ಟಪರಿಹಾರದ ಹೊಣೆ ಬೀಳದು. ನ್ಯಾಯಾಲಯಕ್ಕೆ ಇಂಥ ಎಲ್ಲೆ ಅಗತ್ಯವಿರಬಹುದು. ಆದರೆ ನಕ್ಷೆಯನ್ನು ಓದದೆ ರುಜು ಹಾಕಿದ ಅಧಿಕಾರಿಯನ್ನು ಅವನ ಅಂತರಾತ್ಮವು ಅಷ್ಟು ಸುಲಭವಾಗಿ ಬಿಟ್ಟೀತೇ? ಕಾನೂನಿನ ಹೊಣೆ ಮುಗಿದಲ್ಲಿಗೆ ಮನುಷ್ಯನ ಹೊಣೆ ಮುಗಿಯುವುದಿಲ್ಲ.

ಇದು ದೂರದ ದೇಶದ ಕಥೆಯೆಂದು ಪುಟ ಮಗುಚಬೇಡಿ. ನಾವೂ ಮನೆಗೆ ಬಾವಿ ತೋಡಿಸುತ್ತೇವೆ, ಶೌಚಾಲಯದ ಗುಂಡಿ ಅಗೆಸುತ್ತೇವೆ. "ಒಟ್ಟು ಎಷ್ಟಾಗುತ್ತದೆ?" ಎಂದು ಕೇಳಿ, ಅದರಲ್ಲೂ ನೂರಿನ್ನೂರು ಇಳಿಸಿ ಸಮಾಧಾನ ಪಡುತ್ತೇವೆ. ಇಳಿಸಿದ ಆ ಹಣ ಯಾವುದರದು? ಒಳಗಿಳಿಯುವವನ ಹಲಗೆಯದಾಗಿದ್ದರೆ, ನಾವು ಉಳಿಸಿದ್ದು ನಮ್ಮ ಹಣವನ್ನಲ್ಲ. ಅವನ ಸುರಕ್ಷಿತತೆಯ ಪಾಲನ್ನು ಕಸಿದುಕೊಂಡಿದ್ದೇವೆ.