ಪರನೆಲದ ಯುದ್ಧಕ್ಕೆ ಅಧಿಕಾರಿ ಯಾರು?

ಪೂರ್ವಮೀಮಾಂಸೆಯ ಆರನೆಯ ಅಧ್ಯಾಯ ಮುಖ್ಯವಾಗಿ ವಿಚಾರಿಸುವುದು ಒಂದು ಪ್ರಶ್ನೆಯನ್ನು: ಕರ್ಮಕ್ಕೆ ಅಧಿಕಾರಿ ಯಾರು? ಜೈಮಿನಿಯ ಪರಂಪರೆ ಕೊಟ್ಟ ಉತ್ತರ ಇದು: ಫಲಕ್ಕೆ ಒಡೆಯನಾಗುವವನೇ ಅಧಿಕಾರಿ. ಯಜ್ಞ ನಡೆಸಿಕೊಡುವ ಋತ್ವಿಜನಿಗೆ ದಕ್ಷಿಣೆ ಸಲ್ಲುತ್ತದೆ, ಫಲ ಯಜಮಾನನದು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅದರ ಅಂಚಿನ ನಾಡುಗಳಲ್ಲಿ ಹೊತ್ತಿಕೊಂಡ ಜನಾಂಗೀಯ ಯುದ್ಧಗಳಿಗೆ ಹೊರಗಿನಿಂದ ಬಂದೂಕು ಹಿಡಿದು ಬಂದ ರಾಷ್ಟ್ರವಾದಿಗಳ ಚರಿತ್ರೆಯನ್ನು ಓದುವಾಗಲೆಲ್ಲ ಈ ನಿಯಮ ನನ್ನನ್ನು ಕಾಡುತ್ತದೆ. ಅವರು ದಕ್ಷಿಣೆಗಾಗಿ ಬಂದವರಲ್ಲ. ಫಲ ಉಣ್ಣಲು ಉಳಿದವರೂ ಅಲ್ಲ. ಹಾಗಾದರೆ ಯಾವ ಅಧಿಕಾರದಿಂದ ಬಂದರು?

ಮೊದಲು ವಿಷಯದ ಎಲ್ಲೆ ಗುರುತಿಸೋಣ. ಕೂಲಿಗಾಗಿ ಕಾದುವವರು ಇಲ್ಲಿ ಸೇರುವುದಿಲ್ಲ. ಜಿನೀವಾ ಒಪ್ಪಂದಗಳ 1977ರ ಹೆಚ್ಚುವರಿ ಒಡಂಬಡಿಕೆಯ 47ನೆಯ ವಿಧಿ ಬಾಡಿಗೆ ಸೈನಿಕನನ್ನು ಗುರುತಿಸುವುದೇ ಅವನ ಹಣದಾಸೆಯಿಂದ. ಅಭಿಮಾನದಿಂದ ಬಂದವನು ಆ ಬಲೆಗೆ ಬೀಳುವುದಿಲ್ಲ. ಮೋಸಹೋಗಿ ರಣರಂಗಕ್ಕೆ ಬಿದ್ದವರೂ ಸೇರುವುದಿಲ್ಲ. ಕೆಲಸ ಕೊಡಿಸುವ ದಲ್ಲಾಳಿಗಳನ್ನು ನಂಬಿ ರಷ್ಯಾಕ್ಕೆ ಹೋಗಿ ಯುಕ್ರೇನ್ ಯುದ್ಧದಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ನಮ್ಮ ಕಲಬುರಗಿಯ ಹುಡುಗರೂ ಇದ್ದರು. ಅವರ ಸಂಕಟ ಬೇರೆಯೇ ಪ್ರಕರಣ. ಇಲ್ಲಿ ವಿಚಾರಕ್ಕೆ ಬರುವವನು ತಿಳಿದು, ಬಯಸಿ, ತನ್ನ ರಾಷ್ಟ್ರದ ಹೆಸರಿನಲ್ಲಿ ಇನ್ನೊಬ್ಬರ ನೆಲಕ್ಕೆ ಕಾದಲು ಹೋದವನು.

ಅಂಥವರು ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಅಬ್ಖಾಜಿಯಾದಲ್ಲಿ. ಕಪ್ಪು ಸಮುದ್ರದ ದಂಡೆಯ ಈ ನಾಡು ಸೋವಿಯತ್ ಕಾಲದಲ್ಲಿ ಜಾರ್ಜಿಯಾದೊಳಗಿನ ಸ್ವಾಯತ್ತ ಗಣರಾಜ್ಯವಾಗಿತ್ತು. 1989ರ ಜನಗಣತಿಯಂತೆ ಅಲ್ಲಿನ ಸುಮಾರು 5,25,000 ಜನರಲ್ಲಿ ಜಾರ್ಜಿಯನ್ನರು ಶೇ. 45.7, ನಾಡಿಗೆ ಹೆಸರು ಕೊಟ್ಟ ಅಬ್ಖಾಜರು ಶೇ. 17.8, ಆರ್ಮೇನಿಯನ್ನರು, ರಷ್ಯನ್ನರು, ಗ್ರೀಕರು ಉಳಿದವರು. 1992ರ ಆಗಸ್ಟ್ 14ರಂದು ಜಾರ್ಜಿಯಾದ ಟೆಂಗಿಜ್ ಕಿಟೊವಾನಿಯ ನ್ಯಾಷನಲ್ ಗಾರ್ಡ್ ಪಡೆ ಅಬ್ಖಾಜಿಯಾಕ್ಕೆ ನುಗ್ಗಿ ರಾಜಧಾನಿ ಸುಖುಮಿಯನ್ನು ಹಿಡಿಯಿತು. ಲೂಟಿ ನಡೆಯಿತು. ಆ ಅಕ್ಟೋಬರಿನಲ್ಲಿ ಅಬ್ಖಾಜರ ರಾಜ್ಯ ದಫ್ತರಖಾನೆಗೆ ಬೆಂಕಿ ಬಿತ್ತು; ಒಂದು ಸಣ್ಣ ಜನಾಂಗದ ಬರಹದ ನೆನಪು ಬೂದಿಯಾಯಿತು. ಅಬ್ಖಾಜ ನಾಯಕ ವ್ಲಾದಿಸ್ಲಾವ್ ಆರ್ಡ್ಜಿನ್ಬಾ ಗುಡೌಟಾಕ್ಕೆ ಹಿಂದೆಗೆದ.

ಆಗ ಕಾಕಸಸ್ ಕಣಿವೆಗಳನ್ನು ದಾಟಿ ಉತ್ತರದಿಂದ ನೆರವು ಬಂತು: ಕಬಾರ್ಡಿಯನ್ನರು, ಅಡಿಗರು, ಚೆಚೆನ್ನರು. ಅವರನ್ನು ಕರೆದುತಂದದ್ದು ಕಾಕಸಸ್ ಗುಡ್ಡಗಾಡು ಜನರ ಒಕ್ಕೂಟ. ಅದರ ಅಧ್ಯಕ್ಷ ಮೂಸಾ ಶಾನಿಬೊವ್ ನಾಲ್ಚಿಕ್‌ನಲ್ಲಿ ಪಾಠ ಹೇಳುತ್ತಿದ್ದವನು, ಫ್ರೆಂಚ್ ಸಮಾಜಶಾಸ್ತ್ರಜ್ಞ ಬೂರ್ದ್ಯೂವಿನ ಅಭಿಮಾನಿ. ಚೆಚೆನ್ ತಂಡದ ಮುಂದಾಳು ಶಾಮಿಲ್ ಬಸಾಯೆವ್. ಎದುರು ಪಕ್ಷಕ್ಕೆ, ಜಾರ್ಜಿಯಾದ ಪರವಾಗಿ, 1993ರಲ್ಲಿ ಯುಕ್ರೇನಿನ ರಾಷ್ಟ್ರವಾದಿಗಳ 'ಉನ್ಸೊ' ಸಂಘಟನೆ 'ಆರ್ಗೊ' ಎಂಬ ತುಕಡಿಯನ್ನು ಕಳಿಸಿತು. ರಷ್ಯಾದ ಕೊಸಾಕ್‌ಗಳು ಅಬ್ಖಾಜರ ಕಡೆ ನಿಂತರು.

ಸಂಶಯ ಇಲ್ಲಿ ಹುಟ್ಟುತ್ತದೆ. ದುರ್ಬಲನ ನೆರವಿಗೆ ಓಡಿ ಬರುವುದು ಧರ್ಮವೋ, ಪರರ ಮನೆಯ ಬೆಂಕಿಗೆ ತನ್ನ ಹಗೆಯ ಎಣ್ಣೆ ಸುರಿಯುವುದೋ?

ಪೂರ್ವಪಕ್ಷವನ್ನು ಅದರ ಪೂರ್ಣ ಬಲದಲ್ಲಿಯೇ ಹೇಳಬೇಕು. ಅಬ್ಖಾಜರು ಲಕ್ಷಕ್ಕೂ ಕಡಿಮೆ. ಅವರ ಮೇಲೆ ಬಂದದ್ದು ಒಂದು ರಾಜ್ಯದ ಸೇನೆ, ಟ್ಯಾಂಕುಗಳ ಸಮೇತ. ಹತ್ತೊಂಬತ್ತನೆಯ ಶತಮಾನದಲ್ಲಿ ತ್ಸಾರನ ಸೇನೆ ಕಾಕಸಸನ್ನು ಗೆದ್ದಾಗ ಅಬ್ಖಾಜರೂ ಅಡಿಗರೂ ಹಿಂಡುಹಿಂಡಾಗಿ ತುರ್ಕಿಗೆ ಗಡೀಪಾರಾಗಿದ್ದರು. ಭಾಷೆಯಲ್ಲಿಯೂ ಅವರು ಒಂದೇ ಬಳ್ಳಿಯವರು. ಕಬಾರ್ಡಿಯನ್ ಯುವಕನೊಬ್ಬ ಸುಖುಮಿಯ ಸುದ್ದಿ ಕೇಳಿ ಎದ್ದು ಹೊರಟರೆ ಅವನನ್ನು 'ಹೊರಗಿನವ' ಎನ್ನುವವರು ಯಾರು? ಅವನು ಬಾರದೆ ಹೋಗಿದ್ದರೆ ಅಬ್ಖಾಜರು ಬಹುಶಃ ತಮ್ಮ ನಾಡಿನಲ್ಲೇ ತಲೆಯೆತ್ತದಂತಾಗುತ್ತಿದ್ದರು. ಗಡಿಯಲ್ಲಿ ನಿಂತು ನಿಯಮ ಓದುವುದು ಬೆಚ್ಚಗಿರುವವರ ಕೆಲಸ ಎಂದು ಪೂರ್ವಪಕ್ಷಿ ನಮ್ಮನ್ನು ಜರೆಯಬಹುದು. ಆ ಜರೆತದಲ್ಲಿ ಸತ್ಯವಿದೆ. ಆ ಆಗಸ್ಟಿನಲ್ಲಿ ಕಣಿವೆ ದಾಟಿ ಬಂದವರ ಎದೆಯಲ್ಲಿ ಇದ್ದದ್ದು ಲೋಭವಲ್ಲವೆಂದು ನಾನು ನಂಬುತ್ತೇನೆ.

ಆದರೆ ಮುಂದೆ ನಡೆದುದನ್ನು ನೋಡಬೇಕು. 1992ರ ಸೆಪ್ಟೆಂಬರ್ 3ರಂದು ಮಾಸ್ಕೋದಲ್ಲಿ ಕದನವಿರಾಮಕ್ಕೆ ಒಪ್ಪಂದವಾಯಿತು. ಕಾನೂನುಬಾಹಿರ ಸಶಸ್ತ್ರ ಪಡೆಗಳು ಅಬ್ಖಾಜಿಯಾ ಬಿಟ್ಟು ಹೊರಡಬೇಕೆಂಬುದು ಅದರ ಒಂದು ಷರತ್ತು. ಒಂದು ತಿಂಗಳೊಳಗೆ, ಅಕ್ಟೋಬರಿನ ಮೊದಲಲ್ಲಿ, ಅಬ್ಖಾಜರೂ ಅದೇ ಸ್ವಯಂಸೇವಕರೂ ಸೇರಿ ಗಾಗ್ರಾ ಪಟ್ಟಣದ ಮೇಲೆ ಬಿದ್ದರು. ಪಟ್ಟಣ ಬಿತ್ತು, ಅಲ್ಲಿನ ಜಾರ್ಜಿಯನ್ನರು ಕೊಲೆಗೀಡಾದರು, ಉಳಿದವರು ಓಡಿದರು. 1993ರ ಜುಲೈ 27ರಂದು ಸೋಚಿಯಲ್ಲಿ ಮತ್ತೊಂದು ಒಪ್ಪಂದ. ಅದರಂತೆ ಜಾರ್ಜಿಯಾ ತನ್ನ ಭಾರೀ ಶಸ್ತ್ರಗಳನ್ನು ಹಿಂದಕ್ಕೆ ಸಾಗಿಸಿತು. ಸೆಪ್ಟೆಂಬರ್ 16ರಂದು ಅಬ್ಖಾಜ ಪಕ್ಷ ಅದನ್ನು ಮುರಿಯಿತು. 27ರಂದು ಸುಖುಮಿ ಬಿತ್ತು. ನಗರ ಬಿಟ್ಟು ಹೋಗದೆ ಉಳಿದಿದ್ದ ಜಾರ್ಜಿಯನ್ ಆಡಳಿತದ ಮುಖ್ಯಸ್ಥ ಜ್ಯೂಲಿ ಶಾರ್ತಾವಾನನ್ನು ಸೆರೆಹಿಡಿದು ಕೊಂದರು. ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ನಾಡು ತೊರೆದರು. ಅನೇಕರು ಸ್ವಾನೇತಿಯ ಹಿಮದ ಕಣಿವೆಗಳಲ್ಲಿ ನಡೆಯುತ್ತ ದಾರಿಯಲ್ಲೇ ಸತ್ತರು. ಇದನ್ನು ಜನಾಂಗೀಯ ಶುದ್ಧೀಕರಣವೆಂದು 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಸೇರಿದ ಯುರೋಪಿನ ಭದ್ರತಾ ಸಮ್ಮೇಳನ ದಾಖಲಿಸಿತು.

ಒಂದು ಆಕ್ಷೇಪ ಇಲ್ಲೇ ಏಳುತ್ತದೆ. ಇದೆಲ್ಲ ಹೊರಗಿನವರ ತಪ್ಪೇ? ಊರಿನವರೇ ಊರಿನವರನ್ನು ಕೊಂದಿಲ್ಲವೇ? ಜಾರ್ಜಿಯಾದ ಗಾರ್ಡ್ ಪಡೆ ಸುಖುಮಿಯಲ್ಲಿ ನಡೆಸಿದ್ದು ಸಾಧುಕೃತ್ಯವೇ? ರಷ್ಯಾದ ವಿಮಾನಗಳು ಸುಖುಮಿಯ ಮೇಲೆ ಬಾಂಬು ಹಾಕಲಿಲ್ಲವೇ? ಎಲ್ಲವೂ ನಿಜ. ಸ್ಥಳೀಯನು ಒಳ್ಳೆಯವನು, ಪರದೇಶಿ ಕ್ರೂರಿ ಎಂದು ವಾದಿಸಿದರೆ ಈ ಸಿದ್ಧಾಂತ ಮೊದಲ ಏಟಿಗೇ ಬೀಳುತ್ತದೆ. ನಾನು ಹೇಳುವುದು ಬೇರೆ. ಯುದ್ಧ ಮುಗಿದ ಮಾರನೆಯ ಬೆಳಗ್ಗೆ ಅದೇ ಬೀದಿಯಲ್ಲಿ ಬದುಕಬೇಕಾದವನಿಗೆ ರಾಜಿಯೊಂದು ಅಗತ್ಯ. ಅವನ ಮಗಳು ಎದುರು ಪಕ್ಷದ ಮನೆಗೆ ಸೊಸೆಯಾಗಿ ಹೋಗಿರಬಹುದು. ಅವನ ತೋಟದ ಬೇಲಿ ವೈರಿಯ ತೋಟಕ್ಕೆ ತಗುಲಿರಬಹುದು. ಅವನು ಕೊಂದರೆ ಅವನ ಮುಖ ಗುರುತಿಸುವವರು ಇರುತ್ತಾರೆ. ಕೇಳುವವರು ಇಂದಿಲ್ಲದಿದ್ದರೂ ಮುಂದೊಮ್ಮೆ ಇರುತ್ತಾರೆ. ಸ್ವಯಂಸೇವಕನಿಗೆ ಈ ಯಾವ ಕಟ್ಟೂ ಇಲ್ಲ. ಮಾಸ್ಕೋದ ಕಾಗದಕ್ಕೆ ಅವನು ರುಜು ಹಾಕಿದವನಲ್ಲ. ರಾಜಿಯಾದರೆ ಅವನು ಬಂದ ಉದ್ದೇಶವೇ ಕೆಡುತ್ತದೆ, ರಾಜಿ ಮುರಿದರೆ ಅವನು ಕಳೆದುಕೊಳ್ಳುವುದೇನೂ ಇಲ್ಲ. ದುಷ್ಟತನವಿಲ್ಲದೆಯೂ ಈ ಸ್ಥಿತಿ ಸಂಧಿಯನ್ನು ಕೊಲ್ಲುತ್ತದೆ.

ಪ್ರಾಮಾಣಿಕತೆಯೇ ಪ್ರಮಾಣವಲ್ಲವೇ, ಪ್ರಾಣ ಪಣಕ್ಕಿಟ್ಟವನ ಮಾತಿಗೆ ಬೆಲೆಯಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉನ್ಸೊದ ದಾರಿಯೇ ಉತ್ತರ. 1991ರ ಆಗಸ್ಟಿನಲ್ಲಿ ಹುಟ್ಟಿದ ಈ ಸಂಘಟನೆಯ ಯುವಕರು 1992ರಲ್ಲಿ ನೀಸ್ಟರ್ ನದಿಯ ಪೂರ್ವ ದಡಕ್ಕೆ, ಮೊಲ್ಡೋವಾದಿಂದ ಬೇರ್ಪಟ್ಟ ಟ್ರಾನ್ಸ್‌ನಿಸ್ಟ್ರಿಯಾಕ್ಕೆ ಹೋದರು. ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದ ಯುಕ್ರೇನಿಯನ್ನರನ್ನು ಮೊಲ್ಡೋವಾದಿಂದ ಕಾಪಾಡುವುದು ಉದ್ದೇಶ. ಅದೇ ಪಕ್ಷದಲ್ಲಿ, ಅದೇ ದಡದಲ್ಲಿ, ಡಾನ್ ನದಿಯ ಕಡೆಯಿಂದ ಬಂದ ರಷ್ಯನ್ ಕೊಸಾಕ್‌ಗಳೂ ಕಾದುತ್ತಿದ್ದರು. ಮರುವರ್ಷ ಅಬ್ಖಾಜಿಯಾದಲ್ಲಿ ಉನ್ಸೊ ಒಂದು ಕಡೆ, ಕೊಸಾಕ್‌ಗಳು ಇನ್ನೊಂದು ಕಡೆ. ಹಿಂದಿನ ವರ್ಷದ ಜೊತೆಗಾರರು ಈ ವರ್ಷದ ಹಗೆಗಳು. ಎರಡೂ ಪಕ್ಷದ ಯುವಕರು ಮನಃಪೂರ್ವಕವಾಗಿಯೇ ಸತ್ತರು. ಅವರ ತಾಯಂದಿರಿಗೆ ನಮ್ಮ ಮರುಕ ಸಲ್ಲಬೇಕು. ಆದರೆ ಈ ಅದಲುಬದಲಿನಲ್ಲಿ ಸುಖುಮಿಯ ಅಬ್ಖಾಜನ, ಗಾಗ್ರಾದ ಜಾರ್ಜಿಯನ್ನನ ಪ್ರಶ್ನೆ ಎಲ್ಲಿ ಬಂತು? ಉನ್ಸೊದವರಿಗೆ ಅದು ಮಾಸ್ಕೋವನ್ನು ತಡೆಯುವ ಮೈದಾನ, ಕೊಸಾಕ್‌ಗಳಿಗೆ ಮುರಿದ ಸಾಮ್ರಾಜ್ಯವನ್ನು ಮತ್ತೆ ಹೊಲಿಯುವ ಮೈದಾನ. ಪ್ರಾಮಾಣಿಕತೆ ಇತ್ತು, ಆದರೆ ಅದು ಆ ನೆಲಕ್ಕೆ ಸಲ್ಲುವ ಪ್ರಾಮಾಣಿಕತೆ ಆಗಿರಲಿಲ್ಲ.

ನಾಯಕ ಶಿಸ್ತಿನವನಾಗಿದ್ದರೆ ಸಾಕಲ್ಲವೇ ಎಂಬ ಮೂರನೆಯ ಆಕ್ಷೇಪವನ್ನು ಸುಲಭವಾಗಿ ತಳ್ಳಲಾಗದು, ಏಕೆಂದರೆ ಅದರ ಬೆನ್ನಿಗೆ ಮೊಂಟೆ ಮೆಲ್ಕೋನಿಯನ್ ನಿಲ್ಲುತ್ತಾನೆ. 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಆರ್ಮೇನಿಯನ್. ಬರ್ಕ್ಲಿಯಲ್ಲಿ ಪುರಾತತ್ತ್ವ ಓದಿದವನು. ಸಶಸ್ತ್ರ ಗುಂಪೊಂದರಲ್ಲಿ ಸೇರಿ, ಫ್ರಾನ್ಸಿನ ಸೆರೆಮನೆ ಕಂಡು, 1990ರಲ್ಲಿ ಆರ್ಮೇನಿಯಾಕ್ಕೆ ಬಂದ. ಅಜೆರ್ಬೈಜಾನಿನೊಂದಿಗೆ ಯುದ್ಧ ನಡೆದಿದ್ದ ನಾಗೊರ್ನೊ-ಕರಾಬಾಖ್‌ನ ಮಾರ್ತುನಿ ಪ್ರಾಂತದ ದಂಡನಾಯಕನಾದ. ಲೂಟಿಯನ್ನೂ ಸೆರೆಯಾಳುಗಳ ಮೇಲೆ ಕೈಮಾಡುವುದನ್ನೂ ನಿಷೇಧಿಸಿದ. ಆದರೂ 1992ರ ಫೆಬ್ರವರಿಯಲ್ಲಿ ಕರಾದಾಗ್ಲಿ ಹಳ್ಳಿಯಲ್ಲಿ ಆತನ ಆಜ್ಞೆಯನ್ನು ಮೀರಿ ಸೆರೆಸಿಕ್ಕವರನ್ನು ಕೊಂದರು; ಇದನ್ನು ಬರೆದವನು ಆತನ ಸ್ವಂತ ಅಣ್ಣ. 1993ರ ಏಪ್ರಿಲಿನಲ್ಲಿ ಕೆಲ್ಬಜಾರ್ ಆರ್ಮೇನಿಯನ್ನರ ಕೈಗೆ ಬಿದ್ದಾಗ ಅಲ್ಲಿನ ಅಜೆರಿಗಳೂ ಕುರ್ದರೂ ಹತ್ತಾರು ಸಾವಿರ ಸಂಖ್ಯೆಯಲ್ಲಿ ಹಿಮದ ಘಟ್ಟ ದಾಟಿದರು. ಜೂನ್ 12ರಂದು ಮೆಲ್ಕೋನಿಯನ್ ಕಾಳಗದಲ್ಲಿ ಸತ್ತ. ಆತನ ಪಾಲಿಗೆ ಕರ್ಮ ಅಲ್ಲಿಗೆ ಮುಗಿಯಿತು. ಫಲ ಬಂದದ್ದು ತಡವಾಗಿ: 2020ರ ಯುದ್ಧದ ನಂತರ ಕೆಲ್ಬಜಾರ್ ಅಜೆರ್ಬೈಜಾನಿಗೆ ಮರಳಿತು, 2023ರ ಸೆಪ್ಟೆಂಬರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಕರಾಬಾಖ್ ತೊರೆದರು, ಆತ ಕಾದಿದ ಮಾರ್ತುನಿಯೂ ಬರಿದಾಯಿತು. ಆ ಫಲ ಉಂಡವರು ಮಾರ್ತುನಿಯ ಅಜ್ಜಿಯರು. ಅವರು ಆ ಯುದ್ಧವನ್ನು ಬೇಡವೆನ್ನುತ್ತಿದ್ದರು ಎಂದು ನಾನು ಹೇಳಲಾರೆ. ಬೇಕೋ ಬೇಡವೋ ಎಂದು, ಯಾವ ಗೆರೆಯಲ್ಲಿ ನಿಲ್ಲಬೇಕೆಂದು ಹೇಳುವ ಅಧಿಕಾರ ಅವರದಾಗಿತ್ತು, ಅಷ್ಟೆ.

ಕರ್ಮಕ್ಕೂ ಫಲಕ್ಕೂ ನಡುವೆ ಕಾಲ ಸರಿದರೂ ಕರ್ಮದ ಶಕ್ತಿ ಅಳಿಯುವುದಿಲ್ಲವೆಂದು ಮೀಮಾಂಸಕರು ಹೇಳಿ, ಅದನ್ನು ಅಪೂರ್ವವೆಂದು ಕರೆದರು. ಈ ಯುದ್ಧಗಳ ಅಪೂರ್ವ ಊರಿಂದೂರಿಗೆ ನಡೆದಿದೆ. ಬಸಾಯೆವ್ ಅಬ್ಖಾಜಿಯಾದಲ್ಲಿ ಯುದ್ಧ ಕಲಿತು, ಅಲ್ಲಿನ ಉಪ ರಕ್ಷಣಾ ಸಚಿವನೂ ಆಗಿ, ಎರಡೇ ವರ್ಷದಲ್ಲಿ ಬುದ್ಯೊನೊವ್ಸ್ಕ್ ಪಟ್ಟಣದ ಆಸ್ಪತ್ರೆಯಲ್ಲಿ ರೋಗಿಗಳನ್ನು ಒತ್ತೆಯಿಟ್ಟ. 2004ರಲ್ಲಿ ಬೆಸ್ಲಾನ್ ಶಾಲೆಯ ಮಕ್ಕಳನ್ನು ಒತ್ತೆಯಿಟ್ಟ ದಾಳಿಯ ಹೊಣೆಯನ್ನೂ ತಾನೇ ಹೊತ್ತ. ಅವನಂತೆ ಅಬ್ಖಾಜರಿಗಾಗಿ ಕಾದಿದ್ದ ಚೆಚೆನ್ ರುಸ್ಲಾನ್ ಗೆಲಾಯೆವ್ 2001ರಲ್ಲಿ ಜಾರ್ಜಿಯಾದ ಕಡೆಯಿಂದಲೇ ಕೊಡೊರಿ ಕಣಿವೆಗೆ ನುಗ್ಗಿ ಅಬ್ಖಾಜರ ಮೇಲೆ ಬಿದ್ದ. 1992ರಲ್ಲಿ ಟ್ರಾನ್ಸ್‌ನಿಸ್ಟ್ರಿಯಾಕ್ಕೆ, ಅಲ್ಲಿಂದ ಬೋಸ್ನಿಯಾಕ್ಕೆ ಹೋಗಿದ್ದ ರಷ್ಯನ್ ರಾಷ್ಟ್ರವಾದಿ ಇಗೊರ್ ಗಿರ್ಕಿನ್ 2014ರ ಏಪ್ರಿಲಿನಲ್ಲಿ ತುಕಡಿಯೊಂದಿಗೆ ಯುಕ್ರೇನಿನ ಸ್ಲೊವ್ಯಾನ್ಸ್ಕ್ ಹೊಕ್ಕ. ಆ ಯುದ್ಧದ ಬಂದೂಕಿನ ಕುದುರೆ ಎಳೆದವನು ತಾನೇ ಎಂದು ಆಮೇಲೆ ಹೇಳಿಕೊಂಡ. ಆ ಜುಲೈನಲ್ಲಿ ಮಲೇಷ್ಯಾದ ವಿಮಾನ ಉರುಳಿ 298 ಮಂದಿ ಸತ್ತ ಪ್ರಕರಣದಲ್ಲಿ 2022ರಲ್ಲಿ ನೆದರ್ಲೆಂಡ್ಸ್ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಯುದ್ಧವನ್ನೇ ವೃತ್ತಿಯಾಗಿಸಿಕೊಂಡ ಇಂಥವರ ಬದುಕಿನಲ್ಲಿ ಒಂದು ಊರಿನ ಸಂಕಟ ಮುಂದಿನ ಊರಿಗೆ ಮೆಟ್ಟಿಲು ಮಾತ್ರ.

ಉಳಿದದ್ದು ಬಲವಾದ ಕೊನೆಯ ಆಕ್ಷೇಪ. ಸ್ಪೇನಿನಲ್ಲಿ ಫ್ರಾಂಕೋನ ವಿರುದ್ಧ ಕಾದಿದ ಅಂತಾರಾಷ್ಟ್ರೀಯ ಪಡೆಗಳಿಗೂ ಅಧಿಕಾರವಿರಲಿಲ್ಲವೇ? 2022ರ ಫೆಬ್ರವರಿಯಲ್ಲಿ ಝೆಲೆನ್ಸ್ಕಿಯ ಕರೆಗೆ ಯುಕ್ರೇನಿಗೆ ಹೋದವರೂ ತಪ್ಪಿತಸ್ಥರೇ? ಇಲ್ಲಿ ನಿಯಮ ಬಾಗಬೇಕು, ಬಾಗುತ್ತದೆ. ಎರಡೂ ಕಡೆ ಅವರನ್ನು ಬರಮಾಡಿಕೊಂಡದ್ದು ಜನರಿಗೆ ಉತ್ತರ ಹೇಳಬೇಕಾದ ಸರ್ಕಾರ. ಬಂದವರು ಅದರ ಸೇನೆಯ ಆಜ್ಞೆಗೆ ಒಳಪಟ್ಟವರು. 1938ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಪ್ರಧಾನಿ ನೆಗ್ರಿನ್ ವಿದೇಶಿ ಸ್ವಯಂಸೇವಕರನ್ನು ಹಿಂದಕ್ಕೆ ಕಳಿಸುವೆನೆಂದು ರಾಷ್ಟ್ರಸಂಘದಲ್ಲಿ ಸಾರಿದ, ಅವರು ಹೊರಟರು. ಫಲಕ್ಕೆ ಒಡೆಯನಾದವನು ನಿಲ್ಲು ಎಂದಾಗ ನಿಂತರು, ಹೋಗು ಎಂದಾಗ ಹೋದರು. ಸ್ಪೇನಿನಲ್ಲಿಯೂ ಪಾಪಗಳು ನಡೆದವು. ಆದರೆ ಅಧಿಕಾರದ ಪ್ರಶ್ನೆಯಲ್ಲಿ ಅದು ಅಬ್ಖಾಜಿಯಾದಂಥ ಪ್ರಕರಣವಲ್ಲ. ಒಂದು ಸೇನೆ ಸರ್ಕಾರದ ವಿರುದ್ಧ ಎದ್ದಾಗ ಇಲ್ಲವೇ ಗಡಿ ದಾಟಿ ಬಂದಾಗ ಅದನ್ನು ತಡೆಯುವುದು ಬೇರೆ. ಒಂದೇ ಬೀದಿಯ ಎರಡು ಜನಾಂಗಗಳ ನಡುವೆ ಒಬ್ಬರ ಪಕ್ಷ ವಹಿಸಿ ಇನ್ನೊಬ್ಬರನ್ನು ಬೀದಿಯಿಂದಲೇ ಅಳಿಸುವುದು ಬೇರೆ.

ಅಬ್ಖಾಜರಿಗೆ ದಕ್ಕಿದ್ದೇನು ಎಂದೂ ಕೇಳಬೇಕು. 2008ರ ಆಗಸ್ಟಿನಲ್ಲಿ ರಷ್ಯಾ ಅವರನ್ನು ಸ್ವತಂತ್ರ ರಾಷ್ಟ್ರವೆಂದು ಮಾನ್ಯಮಾಡಿತು. ಜಗತ್ತಿನ ಬೆರಳೆಣಿಕೆಯ ದೇಶಗಳಷ್ಟೇ ಅದನ್ನು ಹಿಂಬಾಲಿಸಿದವು. ಮಾಸ್ಕೋದ ಹಣ, ಮಾಸ್ಕೋದ ಸೇನೆ ಇಲ್ಲದೆ ಅವರು ನಿಲ್ಲಲಾರರು. ಗಾಲಿ ಜಿಲ್ಲೆಗೆ ಮರಳಿದ ಹತ್ತಾರು ಸಾವಿರ ಮಂದಿಯನ್ನು ಬಿಟ್ಟರೆ, 1993ರಲ್ಲಿ ಓಡಿದ ಜಾರ್ಜಿಯನ್ನರಲ್ಲಿ ಬಹುಪಾಲಿನವರು ಇನ್ನೂ ತಮ್ಮ ಮನೆ ಕಂಡಿಲ್ಲ.

ನಿರ್ಣಯ ಹೀಗೆ: ನೆರೆಹೊರೆಯ ಜನಾಂಗಗಳ ಯುದ್ಧದಲ್ಲಿ, ಆ ನೆಲದಲ್ಲಿ ಉಳಿದು ಬಾಳಲಾರದ, ಅಲ್ಲಿನ ನ್ಯಾಯಾಲಯಕ್ಕೆ ತಲೆಬಾಗದ, ಅಲ್ಲಿನ ಸಂಧಿಗೆ ಕಟ್ಟುಬೀಳದ ಹೊರಗಿನವನಿಗೆ ಆಯುಧ ಹಿಡಿಯುವ ಅಧಿಕಾರವಿಲ್ಲ. ಅವನ ತ್ಯಾಗ ಎಷ್ಟೇ ದೊಡ್ಡದಿದ್ದರೂ ಅಧಿಕಾರ ಹುಟ್ಟುವುದಿಲ್ಲ. ನಿರಾಶ್ರಿತನಿಗೆ ಅನ್ನ, ಗಾಯಾಳುವಿಗೆ ಔಷಧ, ಸತ್ತವರ ಹೆಸರಿನ ದಾಖಲೆ, ಸುಟ್ಟುಹೋದ ದಫ್ತರದ ಪ್ರತಿಗಳನ್ನು ಹುಡುಕಿ ಕೂಡಿಸುವ ಕೆಲಸ, ಇವೆಲ್ಲಕ್ಕೂ ಯಾವ ದೇಶದವನಿಗಾದರೂ ಪೂರ್ಣ ಅಧಿಕಾರವಿದೆ.